ಅಂಜಿದವರ ಜೊತೆ ಒಂದು ಸ್ಟೇಷನ್ ದೂರ

ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಮುಂಬಯಿಯ ಜೋಗೇಶ್ವರಿ ಸ್ಟೇಷನ್ನಿನಲ್ಲಿ ಪಕ್ಕದವರ ಮುಖ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಗಾಡಿ ಬರುವ ದಿಕ್ಕಿಗೇ ಎಲ್ಲರ ಕಣ್ಣು. ಒಂದು ದಿನ ಗೆಳತಿಗಾಗಿ ಕಾಯುತ್ತ ನಿಂತಿದ್ದ ನನಗೆ ಪಕ್ಕದಲ್ಲಿದ್ದ ಹೆಂಗಸಿನ ಕೈ ಕಣ್ಣಿಗೆ ಬಿತ್ತು. ಟಿಫಿನ್ ಚೀಲದ ಹಿಡಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಬೆರಳ ತುದಿ ಬಿಳಿಚಿಕೊಂಡಿತ್ತು. ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಬಂತು, ನಿಂತಿತು, ಹೋಯಿತು. ಅವರು ಹತ್ತಲಿಲ್ಲ. ಎರಡನೆಯದು ಬಂತು. ಆಗಲೂ ಹತ್ತಲಿಲ್ಲ. ಮೂರನೆಯದೂ ಹೋದ ಮೇಲೆ ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ "ಇವತ್ತು ಗಾಡಿ ಲೇಟು" ಎಂದರು.

"ಹುಷಾರಿಲ್ವಾ ಅಕ್ಕ?" ಎಂದು ಕೇಳಿದೆ.

"ಹುಷಾರಿದ್ದೇನೆ. ಗಾಡಿ ಹತ್ತಲಿಕ್ಕೆ ಆಗುವುದಿಲ್ಲ, ಅಷ್ಟೇ. ನಗಬೇಡಿ" ಎಂದರು.

ಹಿಂದಿನ ವರ್ಷದ ಮಳೆಗಾಲದಲ್ಲಿ ಅವರಿದ್ದ ಗಾಡಿ ಎರಡು ಸ್ಟೇಷನ್ನುಗಳ ನಡುವೆ ಬಹಳ ಹೊತ್ತು ನಿಂತುಬಿಟ್ಟಿತ್ತಂತೆ. ಒಳಗೆ ಕಿಕ್ಕಿರಿದ ಜನ. ಉಸಿರು ಕಟ್ಟಿದಂತಾಯಿತು. ಎದೆ ಢವಢವ ಹೊಡೆದುಕೊಂಡಿತು. ಇನ್ನು ನಾನು ಬದುಕುವುದಿಲ್ಲ ಅನಿಸಿತು. ಅಂದಿನಿಂದ ಲೋಕಲ್ ಎಂದರೆ ಜೀವ ಬಾಯಿಗೆ ಬರುತ್ತದೆ. ಕೆಲವು ದಿನ ಬಸ್ಸು, ಕೆಲವು ದಿನ ರಿಕ್ಷಾ, ಕೆಲವು ದಿನ ರಜೆ. ಸಂಬಳದ ಒಂದು ಪಾಲು ದಾರಿಯಲ್ಲೇ ಕರಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆಯಿಂದಲೇ ಇಷ್ಟನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಅಕ್ಕ ಎಂದೇ ಕರೆಯುತ್ತೇನೆ.

ಮಾನ್ಯ ಓದುಗರೇ, ಆ ದಿನ ನನ್ನನ್ನು ಕಾಡಿದ್ದು ಅವರ ಭಯವಲ್ಲ. ಅವರ ಕೊನೆಯ ಮಾತು. ನಗಬೇಡಿ ಎಂದು ಮೊದಲೇ ಕೇಳಿಕೊಳ್ಳಬೇಕಾದರೆ ಆ ಜೀವ ಎಷ್ಟು ಸಲ ನಗೆಯನ್ನು ಕಂಡಿರಬೇಕು, ಅಥವಾ ಎಷ್ಟು ಸಲ ಅದನ್ನು ನೆನೆದು ಹೆದರಿರಬೇಕು. ಜ್ವರ ಬಂದವರು ಹೀಗೆ ಕೇಳಿಕೊಳ್ಳುವುದಿಲ್ಲ. ಕಾಲು ಮುರಿದವರೂ ಕೇಳಿಕೊಳ್ಳುವುದಿಲ್ಲ. ಭಯದ ಕಾಯಿಲೆಯವರು ಮಾತ್ರ ಕೇಳಿಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ನಾವೆಲ್ಲ ಸೇರಿ ಏನಾದರೂ ಮಾಡಬಹುದು. ಅದನ್ನು ನಿಮ್ಮ ಮುಂದಿಡಲೆಂದೇ ಈ ಮನವಿ.

ಹೆದರಿಕೆ ಎಲ್ಲರಿಗೂ ಇದೆ. ಇರಬೇಕು ಕೂಡ. ಹಳಿ ದಾಟುವಾಗ ಎರಡೂ ಕಡೆ ನೋಡುವಂತೆ ಮಾಡುವುದು ಅದೇ ಹೆದರಿಕೆ. ಅಪಾಯ ಎದುರಾದರೆ ಮಿದುಳು ಒಂದು ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಏರುತ್ತದೆ, ಕೈ ಬೆವರುತ್ತದೆ, ಕಾಲು ಓಡಲು ಸಿದ್ಧವಾಗುತ್ತದೆ. ಹಾವು ಕಂಡಾಗ ಈ ಗಂಟೆ ಬೇಕು. ಆದರೆ ಹಗ್ಗ ಕಂಡಾಗಲೂ ಅದು ಬಾರಿಸತೊಡಗಿದರೆ, ಹಗ್ಗವೆಂದು ಗೊತ್ತಿದ್ದೂ ನಿಲ್ಲದಿದ್ದರೆ, ಅದು ಫೋಬಿಯಾ. ವೈದ್ಯರು ಮುಖ್ಯವಾಗಿ ಕೆಲವು ಸಂಗತಿಗಳನ್ನು ನೋಡುತ್ತಾರೆ. ಭಯ ಅಪಾಯಕ್ಕೆ ಮೀರಿದ್ದೇ? ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದಿದೆಯೇ? ಅದರಿಂದ ಕೆಲಸ, ಓದು, ಮನೆ, ನಂಟು ಯಾವುದಾದರೂ ಕುಂಟುತ್ತಿದೆಯೇ? ಹೌದು ಎಂದಾದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಪುಕ್ಕಲುತನವಲ್ಲ. ಹಟವಲ್ಲ. ನಾಟಕವಂತೂ ಅಲ್ಲ.

ಫೋಬಿಯಾಗಳಲ್ಲಿ ಹಲವು ಬಗೆ. ನಾಯಿ, ಹಲ್ಲಿ, ಜಿರಳೆಯಂತಹ ಪ್ರಾಣಿಗಳ ಭಯ ಹೆಚ್ಚಾಗಿ ಬಾಲ್ಯದಲ್ಲೇ ಮೊಳೆಯುತ್ತದೆ. ನಾಲ್ಕು ಜನರ ಮುಂದೆ ಮಾತಾಡುವ, ಊಟ ಮಾಡುವ, ಸಹಿ ಹಾಕುವ ಭಯ ಹದಿಹರೆಯದಲ್ಲಿ ತಲೆ ಎತ್ತುತ್ತದೆ. ಜನಜಂಗುಳಿ, ಗಾಡಿ, ಮಾರುಕಟ್ಟೆಯಂತಹ ಕಡೆ ಸಿಕ್ಕಿಹಾಕಿಕೊಂಡರೆ ಹೊರಬರಲು ಆಗದು ಎನ್ನುವ ಭಯ ಸಾಮಾನ್ಯವಾಗಿ ದುಡಿಯುವ ವಯಸ್ಸಿನಲ್ಲಿ ಬರುತ್ತದೆ. ಲಿಫ್ಟಿನ ಭಯ, ಎತ್ತರದ ಭಯ, ಎಂಆರ್‌ಐ ಯಂತ್ರದೊಳಗೆ ಮಲಗುವ ಭಯ, ಸೂಜಿಯ ಭಯ ಎಲ್ಲವೂ ಇವೆ. ಗಂಡಸರಿಗಿಂತ ಹೆಂಗಸರಲ್ಲಿ ಫೋಬಿಯಾ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುತ್ತದೆ. ಹಾಗೆಂದು ಗಂಡಸರಿಗೆ ಇಲ್ಲವೆಂದಲ್ಲ. ಅವರಿಗೆ ಹೇಳಿಕೊಳ್ಳುವುದು ಇನ್ನೂ ಕಷ್ಟ.

ನಮ್ಮ ಈ ನಗರದಲ್ಲಿ ಭಯಕ್ಕೆ ಕಾರಣಗಳು ಕಡಿಮೆ ಇಲ್ಲ. 2005ರ ಜುಲೈ 26ನ್ನು ಇಲ್ಲಿಯ ಹಳಬರು ಮರೆಯಲಾರರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಎದೆಮಟ್ಟದ ನೀರಿನಲ್ಲಿ ಜನ ರಾತ್ರಿಯಿಡೀ ನಡೆದು ಮನೆ ಸೇರಿದರು. ಮರುವರ್ಷ, 2006ರ ಜುಲೈ 11ರ ಸಂಜೆ, ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ 11 ನಿಮಿಷಗಳೊಳಗೆ 7 ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸ್ಫೋಟ ನಡೆದ ಜಾಗಗಳಲ್ಲಿ ನಮ್ಮ ಜೋಗೇಶ್ವರಿಯೂ ಒಂದು. ಗಾಡಿಗಳು ಬೇಗನೆ ಮತ್ತೆ ಓಡಿದವು. ಮುಂಬಯಿಯ ಧೈರ್ಯವನ್ನು ದೇಶವೇ ಹೊಗಳಿತು. ಹೊಗಳಿಕೆ ತಕ್ಕುದೇ. ಆದರೆ ಗಾಡಿ ಹತ್ತಲಾಗದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದವರೂ ಇದ್ದರು. ನಗರವೆಲ್ಲ ಧೈರ್ಯದ ಮಾತಾಡುವಾಗ ನನಗೆ ಭಯವಾಗುತ್ತಿದೆ ಎಂದು ಹೇಳಲು ಬಾಯಿ ಬರುವುದಿಲ್ಲ. ಇಂತಹ ದೊಡ್ಡ ಆಘಾತದ ನಂತರ ಅದೇ ದೃಶ್ಯ ಕಣ್ಣ ಮುಂದೆ ಮರುಕಳಿಸುತ್ತಿದ್ದರೆ, ನಿದ್ದೆಯಲ್ಲಿ ಬೆಚ್ಚಿಬೀಳುವಂತಾದರೆ, ಅದು ಫೋಬಿಯಾಕ್ಕಿಂತ ಬೇರೆ ಸ್ಥಿತಿ. ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಇದೆ.

ಎಲ್ಲ ಭಯಕ್ಕೂ ದೊಡ್ಡ ಘಟನೆಯೇ ಬೇಕಿಲ್ಲ. ಚಾಳಿನಲ್ಲಿ ಬಾಳಿದ ಅಜ್ಜಿ ಹೊಸ ಕಟ್ಟಡದ ಹನ್ನೊಂದನೇ ಮಹಡಿಗೆ ಬಂದಿರುತ್ತಾರೆ. ಲಿಫ್ಟಿನ ಬಾಗಿಲು ಮುಚ್ಚಿದರೆ ಎದೆ ಧಸಕ್ಕೆನ್ನುತ್ತದೆ. ಕ್ರಮೇಣ ಕೆಳಗೆ ಇಳಿಯುವುದನ್ನೇ ಬಿಡುತ್ತಾರೆ. ಮನೆಯವರು "ವಯಸ್ಸಾಯಿತು, ಕಾಲು ನೋವು" ಎಂದುಕೊಳ್ಳುತ್ತಾರೆ. ಭಜನೆ ತಪ್ಪಿತು, ಗೆಳತಿಯರು ತಪ್ಪಿದರು, ಬಿಸಿಲು ತಪ್ಪಿತು. ಭಯ ಹೀಗೆಯೇ ಸದ್ದಿಲ್ಲದೆ ಬದುಕಿನ ಸುತ್ತಳತೆಯನ್ನು ಕುಗ್ಗಿಸುತ್ತದೆ.

ಈ ಕಾಯಿಲೆ ಬೆಳೆಯುವ ಬಗೆಯನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ದಾರಿ ಸವೆದಂತೆ. ಅಕ್ಕ ಗಾಡಿಯನ್ನು ಬಿಟ್ಟ ಕೂಡಲೇ ಎದೆ ಬಡಿತ ಇಳಿಯುತ್ತದೆ. ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಭಯಕ್ಕೆ ಮೇವು. "ಹತ್ತದೇ ಇದ್ದದ್ದರಿಂದ ಉಳಿದುಕೊಂಡೆ" ಎಂದು ಮಿದುಳು ತಪ್ಪು ಪಾಠ ಕಲಿಯುತ್ತದೆ. ಮರುದಿನ ಭಯ ಇನ್ನಷ್ಟು ಬೇಗ ಬರುತ್ತದೆ. ಮೊದಲು ಗಾಡಿಯ ಭಯ, ಆಮೇಲೆ ಪ್ಲಾಟ್‌ಫಾರ್ಮಿನ ಭಯ, ಆಮೇಲೆ ಸೇತುವೆಯ ಭಯ. ದೂರ ಸರಿದಷ್ಟೂ ಅದು ಹಿಂದೆ ಬರುತ್ತದೆ.

ಇದರ ಮದ್ದು ಏನೆಂಬುದನ್ನು ನಮ್ಮ ಊರಿನ ಗುಹೆಯೇ ತೋರಿಸಿಕೊಡುತ್ತದೆ. ಜೋಗೇಶ್ವರಿ ಪೂರ್ವದ ಹಳೆಯ ಗುಹಾದೇವಾಲಯಕ್ಕೆ ನಡುಮಧ್ಯಾಹ್ನ ಹೋಗಿದ್ದೀರಾ? ಈ ಊರಿಗೆ ಹೆಸರು ಕೊಟ್ಟ ದೇವಿ ಇರುವುದು ಅಲ್ಲೇ. ಬಿಸಿಲಿನಿಂದ ಮೆಟ್ಟಿಲಿಳಿದು ಒಳಗೆ ಕಾಲಿಟ್ಟರೆ ಮೊದಲ ಗಳಿಗೆ ಏನೂ ಕಾಣಿಸುವುದಿಲ್ಲ. ಬರೀ ಕತ್ತಲೆ. ತಿರುಗಿ ಓಡಿ ಬಂದವರಿಗೆ ಅದು ಎಂದಿಗೂ ಕತ್ತಲೆಯೇ. ಆದರೆ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಒಂದು ಕಂಬ ಕಾಣಿಸುತ್ತದೆ. ಆಮೇಲೆ ಇನ್ನೊಂದು. ಆಮೇಲೆ ನಡುವೆ ಇರುವ ಗರ್ಭಗುಡಿ. ಬೆಳಕು ಹೆಚ್ಚಿದ್ದಲ್ಲ, ಕಣ್ಣು ಹೊಂದಿಕೊಂಡದ್ದು. ಭಯದ ಚಿಕಿತ್ಸೆಯ ಒಳಗುಟ್ಟು ಇಷ್ಟೇ. ಅಂಜುವ ವಸ್ತುವಿನ ಹತ್ತಿರ, ತಾಳಬಲ್ಲಷ್ಟು ಹತ್ತಿರ, ಸ್ವಲ್ಪ ಹೊತ್ತು ನಿಲ್ಲುವುದು. ಭಯ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿದದ್ದನ್ನು ಮೈಮನಸ್ಸು ಕಣ್ಣಾರೆ ಕಂಡರೆ ಪಾಠ ತಿದ್ದಿಕೊಳ್ಳುತ್ತದೆ.

ಇದು ಬರಿಯ ಹೋಲಿಕೆಯಲ್ಲ, ನೂರು ವರ್ಷಗಳ ಅನುಭವ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ಪೀಟರ್ ಎಂಬ ಪುಟ್ಟ ಹುಡುಗನ ಕುರಿತು ಬರೆದರು. ಮೂರು ವರ್ಷದ ಆಸುಪಾಸಿನ ಆ ಮಗುವಿಗೆ ಮೊಲವೆಂದರೆ ವಿಪರೀತ ಭಯ. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಅಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೊಲಕ್ಕೆ ಅಂಜದ ಬೇರೆ ಮಕ್ಕಳನ್ನೂ ಆಟಕ್ಕೆ ಬಿಟ್ಟಿದ್ದರು. ಅವರ ಜೊತೆಯಿಂದ ಪೀಟರ್‌ಗೆ ಧೈರ್ಯ ಬಂತು. ಮುಂದೆ 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು ಈ ಹಾದಿಯನ್ನು ಚಿಕಿತ್ಸೆಯ ಕ್ರಮವಾಗಿ ಬರೆದಿಟ್ಟರು. ಇಂದು ಜಗತ್ತಿನಾದ್ಯಂತ ಫೋಬಿಯಾಕ್ಕೆ ಮೊದಲ ಆಯ್ಕೆಯ ಚಿಕಿತ್ಸೆ ಇದೇ ಹಾದಿಯದು.

ಅಕ್ಕ ಏನು ಮಾಡಿದರು ಎಂದು ಹೇಳುತ್ತೇನೆ. ಮೊದಲು ಮನೆಯಲ್ಲಿ ಬಾಯಿ ಬಿಟ್ಟರು. ಮಗಳ ಜೊತೆ ವೈದ್ಯರಲ್ಲಿಗೆ ಹೋದರು. ವೈದ್ಯರು ಹೃದಯ, ಥೈರಾಯಿಡ್, ರಕ್ತಹೀನತೆಯ ಪರೀಕ್ಷೆ ಮಾಡಿಸಿದರು. ಎದೆ ಬಡಿತಕ್ಕೆ ದೇಹದ ಕಾರಣವೂ ಇರಬಹುದು, ಅದನ್ನು ಮೊದಲು ನೋಡಬೇಕು. ಆಮೇಲೆ ಆಪ್ತಸಲಹೆಗಾರರು ಒಂದು ಹಾಳೆ ಕೊಟ್ಟು ಏಣಿ ಬರೆಯಲು ಹೇಳಿದರು. ಕೆಳಗಿನ ಮೆಟ್ಟಿಲಲ್ಲಿ ಅತಿ ಸಣ್ಣ ಭಯ, ಮೇಲಿನ ಮೆಟ್ಟಿಲಲ್ಲಿ ಅತಿ ದೊಡ್ಡ ಭಯ. ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ.

ಅಕ್ಕನ ಏಣಿ ಹೀಗಿತ್ತು. ಮೊದಲು ಫೋನಿನಲ್ಲಿ ಲೋಕಲ್ ಗಾಡಿಯ ವಿಡಿಯೊ ನೋಡುವುದು. ಮಧ್ಯಾಹ್ನ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಗಾಡಿ ಹೋಗುವುದನ್ನು ನೋಡುವುದು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರುವುದು. ಗೋರೆಗಾಂವ್‌ನಿಂದ ಹೊರಡುವ ಹಾರ್ಬರ್ ಮಾರ್ಗದ ಗಾಡಿಯಲ್ಲಿ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಒಬ್ಬರ ಜೊತೆ ಜೋಗೇಶ್ವರಿಯಿಂದ ಅಂಧೇರಿಗೆ ಹೋಗುವುದು. ಬರಿಯ ಒಂದು ಸ್ಟೇಷನ್. ಅದನ್ನೇ ಒಬ್ಬರೇ ಮಾಡುವುದು. ಆಮೇಲೆ ಬಾಂದ್ರಾವರೆಗೆ. ಕೊನೆಯ ಮೆಟ್ಟಿಲು, ಬೆಳಗಿನ ಕಿಕ್ಕಿರಿದ ಸ್ಲೋ ಲೋಕಲ್. ಒಂದು ಮೆಟ್ಟಿಲಲ್ಲಿ ಭಯದ ಅಂಕ ಅರ್ಧಕ್ಕಿಳಿಯುವ ತನಕ ಮೇಲಿನ ಮೆಟ್ಟಿಲಿಗೆ ಕಾಲಿಡಬಾರದು. ಭಯ ತುದಿಯಲ್ಲಿರುವಾಗ ಇಳಿದು ಓಡಬಾರದು. ಉಸಿರನ್ನು ನಿಧಾನವಾಗಿ ಬಿಡುತ್ತ ಅಲ್ಲೇ ಇರಬೇಕು. ಒಂದು ದಿನ ಹಿಂದೆ ಜಾರಿದರೆ ಸೋಲಲ್ಲ. ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು.

ಅಂಧೇರಿಯವರೆಗಿನ ಆ ಮೊದಲ ಪಯಣದಲ್ಲಿ ಅವರ ಜೊತೆಗಿದ್ದವಳು ನಾನು. ನಾಲ್ಕೈದು ನಿಮಿಷದ ದಾರಿ. ಅವರು ಕಂಬಿ ಹಿಡಿದ ಕೈ ನಡುಗುತ್ತಿತ್ತು. ನಾನು ಏನೂ ಹೇಳಲಿಲ್ಲ. ಸಲಹೆಗಾರರು ಹಾಗೆಯೇ ತಿಳಿಸಿದ್ದರು. "ಹೆದರಬೇಡಿ ಎನ್ನಬೇಡಿ. ಈಗ ಎಷ್ಟು ಅಂಕ ಎಂದು ಮಾತ್ರ ಕೇಳಿ." ಕೇಳಿದೆ. "ಎಂಬತ್ತು" ಎಂದರು. ಅಂಧೇರಿಯ ಪ್ಲಾಟ್‌ಫಾರ್ಮ್ ಕಾಣುವ ಹೊತ್ತಿಗೆ ಮತ್ತೆ ಕೇಳಿದೆ. "ಎಪ್ಪತ್ತು" ಎಂದರು. ಹತ್ತು ಅಂಕ ಇಳಿದಿತ್ತು. ಅವರ ಮುಖದಲ್ಲಿ ಆಗ ಕಂಡ ಅಚ್ಚರಿಯನ್ನು ನಾನು ಮರೆಯುವುದಿಲ್ಲ. ಅದೇ ಪಯಣವನ್ನು ಮುಂದಿನ ಎರಡು ವಾರಗಳಲ್ಲಿ ಮತ್ತೆ ಮತ್ತೆ ಮಾಡಿದೆವು.

ಸೂಜಿ ಮತ್ತು ರಕ್ತದ ಭಯದ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಕನ್ನಡ ಸಂಘಗಳ ರಕ್ತದಾನ ಶಿಬಿರದಲ್ಲಿ ಗಟ್ಟಿಮುಟ್ಟಾದ ಯುವಕನೊಬ್ಬ ರಕ್ತ ಕಂಡು ಕುಸಿಯುವುದನ್ನು ನೀವು ನೋಡಿರಬಹುದು. ಗೆಳೆಯರು ತಮಾಷೆ ಮಾಡುತ್ತಾರೆ. ಅವನು ಮತ್ತೆ ಶಿಬಿರಕ್ಕೆ ಬರುವುದಿಲ್ಲ. ಮುಂದೆ ಸಕ್ಕರೆ ಕಾಯಿಲೆಯ ಪರೀಕ್ಷೆಗೂ ಹೋಗುವುದಿಲ್ಲ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ಈ ಭಯದಲ್ಲಿ ಮೊದಲು ಏರಿ, ಆಮೇಲೆ ಒಮ್ಮೆಲೇ ಬೀಳುತ್ತದೆ. ಕಣ್ಣು ಕತ್ತಲೆ ಬರುವುದು ಅದಕ್ಕೇ. ಆದ್ದರಿಂದ ಇಲ್ಲಿ ಮೈ ಸಡಿಲ ಬಿಡುವುದಕ್ಕಿಂತ ಬಿಗಿ ಹಿಡಿಯುವುದು ಉಪಯೋಗಕ್ಕೆ ಬರುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಗೋರಾನ್ ಓಸ್ಟ್ ರೂಪಿಸಿದ ಕ್ರಮವಿದು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಬಿಗಿಹಿಡಿಯಬೇಕು. ಮುಖಕ್ಕೆ ಬಿಸಿ ಏರಿದಂತಾಗುತ್ತದೆ. ಆಮೇಲೆ 20ರಿಂದ 30 ಸೆಕೆಂಡು ಬಿಡಬೇಕು. ಹೀಗೆ ಐದು ಸಲ. ಗರ್ಭಿಣಿಯರು, ಹೃದಯ ಅಥವಾ ರಕ್ತದೊತ್ತಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿಕೊಳ್ಳಿ. ಇಷ್ಟು ತಿಳಿದಿದ್ದರೆ ಎಷ್ಟು ಯುವಕರು ತಲೆ ತಗ್ಗಿಸದೆ ಮತ್ತೆ ಬರಬಹುದು, ಯೋಚಿಸಿ.

ಮಾತ್ರೆಗಳ ಬಗ್ಗೆಯೂ ನೀವು ಕೇಳುತ್ತೀರಿ. ನಾಯಿ, ಲಿಫ್ಟು, ಎತ್ತರದಂತಹ ಒಂದೇ ವಿಷಯದ ಭಯಕ್ಕೆ ಮಾತ್ರೆಯ ಪಾತ್ರ ಚಿಕ್ಕದು. ಜನರ ಮುಂದಿನ ಭಯ, ಪದೇಪದೇ ಬರುವ ದಿಗಿಲು, ಜೊತೆಗೆ ಖಿನ್ನತೆ ಇದ್ದರೆ ಮನೋವೈದ್ಯರು ಮಾತ್ರೆ ಕೊಡುತ್ತಾರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು. ಹೇಳದೆ ಕೇಳದೆ ನಿಲ್ಲಿಸಬಾರದು. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಅಂತಹ ಕೆಲವು ಮಾತ್ರೆಗಳು ಆ ಗಳಿಗೆಗೆ ಹಾಯೆನಿಸಿದರೂ ಅಭ್ಯಾಸವಾಗಿ ಬಿಡುತ್ತವೆ. ಕುಡಿತವೂ ಹಾಗೆಯೇ. ಭಯ ಮುಚ್ಚಿಕೊಳ್ಳಲು ಹಿಡಿದ ಲೋಟ ಇನ್ನೊಂದು ಕಾಯಿಲೆ ತರುತ್ತದೆ.

ಊರಿನ ದೈವ ದೇವರಿಗೆ ಹರಕೆ ಹೊರುವವರು ನಾವು. ದೃಷ್ಟಿ ತೆಗೆಯುತ್ತೇವೆ, ತಾಯಿತ ಕಟ್ಟುತ್ತೇವೆ. ಅದರಿಂದ ಮನಸ್ಸಿಗೆ ಬಲ ಬರುವುದಾದರೆ ಬರಲಿ. ನನ್ನ ಕೋರಿಕೆ ಒಂದೇ. ಹರಕೆಯ ಜೊತೆಗೆ ವೈದ್ಯರೂ ಇರಲಿ. ಮಗುವಿಗೆ ಜ್ವರ ಬಂದರೆ ದೇವರಿಗೆ ಕೈಮುಗಿದು ಡಾಕ್ಟರ ಬಳಿಗೂ ಓಡುತ್ತೇವಲ್ಲ, ಹಾಗೆ.

ಕನ್ನಡಿಗರಿಗೆ ಮನಸ್ಸಿನ ಕಾಯಿಲೆಯ ಮಾತು ಹೊಸದೂ ಅಲ್ಲ. 'ಕೊರವಂಜಿ' ಪತ್ರಿಕೆಯನ್ನು 1942ರಲ್ಲಿ ಹುಟ್ಟುಹಾಕಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನೆಮಾತಿನಂತಹ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ದೊಡ್ಡ ಪ್ರಯೋಗ ಮಾಡಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಲ್ಲೇ ಆರೈಕೆ ಸಾಧ್ಯ ಎಂದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಆ ಬಳ್ಳಾರಿಯ ಮಾದರಿಯಿಂದ. ಇಷ್ಟಾದರೂ ದಾರಿ ಉದ್ದವಿದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿಮ್ಮ ಗಾಡಿಯ ಡಬ್ಬಾದಲ್ಲಿ, ನಿಮ್ಮ ಕಟ್ಟಡದಲ್ಲಿ, ನಿಮ್ಮ ಸಂಘದ ಸಭೆಯಲ್ಲಿ ಅವರಿದ್ದಾರೆ.

ಈಗ ನೇರವಾಗಿ ತಮ್ಮಲ್ಲಿ ಕೆಲವು ವಿನಂತಿ.

ಈ ಸಾಲುಗಳನ್ನು ಓದುತ್ತ "ಇದು ನನ್ನದೇ ಕಥೆ" ಎಂದುಕೊಂಡವರೇ, ಮೊದಲ ಮಾತು ನಿಮಗೆ. ನಿಮ್ಮಲ್ಲಿ ಕೊರತೆ ಏನೂ ಇಲ್ಲ. ಇಷ್ಟು ದಿನ ಒಬ್ಬರೇ ಹೊತ್ತಿದ್ದೀರಿ, ಅದೇ ದೊಡ್ಡ ಧೈರ್ಯ. ಇಂದು ಒಬ್ಬರಿಗೆ ಹೇಳಿ. ಯಾರೂ ಇಲ್ಲವೆನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸೇವೆ. ಹಗಲೂ ರಾತ್ರಿಯೂ ಇರುತ್ತದೆ. 20 ಭಾಷೆಗಳಲ್ಲಿ ಕನ್ನಡವೂ ಇದೆ. ಗಾಬರಿಯನ್ನು ಹಿಂದಿಯಲ್ಲೋ ಮರಾಠಿಯಲ್ಲೋ ವಿವರಿಸಲು ತಡಕಾಡಬೇಕಿಲ್ಲ. ಹೊಟ್ಟೆ ತೊಳಸಿದ್ದನ್ನು, ಎದೆ ಝಲ್ಲೆಂದದ್ದನ್ನು ನಿಮ್ಮ ಮಾತಿನಲ್ಲೇ ಹೇಳಬಹುದು. ಮುಖಾಮುಖಿಯಾಗಿ ವೈದ್ಯರನ್ನು ಕಾಣಲು ನಮಗೆ ಹತ್ತಿರದ್ದು ಜುಹೂ ಬಳಿಯ ಕೂಪರ್ ಆಸ್ಪತ್ರೆಯ ಮನೋವೈದ್ಯ ವಿಭಾಗ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲೂ ಇದೆ. ಬೇರೆ ಕಾಯಿಲೆಗೆ ಮಾಡಿಸುವಂತೆಯೇ ಕೇಸ್ ಪೇಪರ್ ಮಾಡಿಸಿದರಾಯಿತು. ನೀವು ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ.

ಮನೆಯವರೇ, ನಿಮ್ಮ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಪ್ರೀತಿಯಿಂದಲೇ ನಾವು ಎರಡು ಬಗೆಯಲ್ಲಿ ದಾರಿ ತಪ್ಪುತ್ತೇವೆ. ಒಂದು, "ಏನಾಗುತ್ತೆ, ಹೋಗು" ಎಂದು ತಳ್ಳುವುದು. ನೀರಿಗೆ ಹೆದರುವ ಮಗುವನ್ನು ಕೆರೆಗೆ ದೂಡಿದರೆ ಈಜು ಬರುವುದಿಲ್ಲ. ಇನ್ನೊಂದು, ಅವರ ಪಾಲಿನದನ್ನೆಲ್ಲ ನಾವೇ ಮಾಡಿಕೊಡುವುದು. ಪೇಟೆಗೆ ನಾವೇ ಹೋಗುತ್ತೇವೆ, ಬ್ಯಾಂಕಿಗೆ ನಾವೇ ಹೋಗುತ್ತೇವೆ, ಅವರ ಲೋಕ ಬಾಗಿಲವರೆಗೆ ಕುಗ್ಗುತ್ತದೆ. ಇವೆರಡರ ನಡುವೆ ಒಂದು ಜಾಗವಿದೆ. ಅದು ಜೊತೆ. "ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು. ಇಂದು ಎಷ್ಟು ದೂರ ಹೋಗೋಣ?" ಎಂದು ಕೇಳಿ. ಅವರು ಹೇಳಿದಷ್ಟೇ ದೂರ ಹೋಗಿ. ಮುಟ್ಟಿದ ಮೆಟ್ಟಿಲನ್ನು ಮೆಚ್ಚಿಕೊಳ್ಳಿ. ಮಾತಿನ ನಡುವೆ ಬದುಕೇ ಬೇಡ ಎನ್ನುವ ಸುಳಿವು ಬಂದರೆ ಮಾತ್ರ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ. ಆಗಲೇ 14416ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಶಿಕ್ಷಕರೇ, ತರಗತಿಯಲ್ಲಿ ಎದ್ದು ನಿಂತು ಓದಲಾಗದ ಮಗು ಸೋಮಾರಿಯಲ್ಲದಿರಬಹುದು. ಮೊದಲ ದಿನ ಕೂತಲ್ಲೇ ಒಂದು ಸಾಲು ಓದಲಿ. ಮರುದಿನ ಪಕ್ಕದ ಗೆಳೆಯನ ಜೊತೆ ನಿಂತು ಎರಡು ಸಾಲು. ನಿಮ್ಮ ಒಂದು ತಿಂಗಳ ತಾಳ್ಮೆ ಆ ಮಗುವಿನ ಇಡೀ ಆಯುಷ್ಯಕ್ಕೆ ದಾರಿ ಮಾಡಿಕೊಡುತ್ತದೆ.

ಹೋಟೆಲು, ಕಚೇರಿ, ಅಂಗಡಿ ನಡೆಸುವವರೇ, ಊರಿನಿಂದ ಹೊಸದಾಗಿ ಬಂದ ಹುಡುಗರು ನಿಮ್ಮನ್ನು ಅಣ್ಣ, ಮಾಮ ಎಂದು ಕರೆಯುತ್ತಾರೆ. ಆ ನಂಬಿಕೆಗೆ ಬೆಲೆ ಇದೆ. ನಿದ್ದೆ ಬಿಟ್ಟವರು, ಗಿರಾಕಿಗಳ ಮುಂದೆ ಬರಲು ತಡವರಿಸುವವರು, ಕಾರಣ ಹೇಳದೆ ರಜೆ ಹಾಕುವವರು ಕಂಡರೆ ಗಲ್ಲಾದಿಂದ ಎದ್ದು ಬಂದು ಒಂದು ಚಹಾ ಕೊಟ್ಟು ಮಾತಾಡಿಸಿ. ವೈದ್ಯರನ್ನು ಕಾಣಲು ಅರ್ಧ ದಿನ ಬಿಡುವು ಕೊಡಿ.

ಸಂಘ ಸಂಸ್ಥೆಗಳ ಹಿರಿಯರೇ, ಮಾಟುಂಗದ ಮೈಸೂರು ಅಸೋಸಿಯೇಶನ್‌ನಿಂದ ಅಂಧೇರಿಯ ಮೊಗವೀರ ಭವನದವರೆಗೆ, ಸಾಂತಾಕ್ರೂಜ್‌ನ ಬಿಲ್ಲವ ಭವನದಿಂದ ಕುರ್ಲಾದ ಬಂಟರ ಭವನದವರೆಗೆ ಮುಂಬಯಿ ಕನ್ನಡಿಗರು ಕಟ್ಟಿದ ಮನೆಗಳು ಎಷ್ಟೊಂದು. ಹಿಂದೆ ಹಗಲು ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿ ಶಾಲೆ ನಡೆಸಿದ ಪರಂಪರೆ ನಮ್ಮದು. ಇಂದು ಕಣ್ಣಿನ, ಹಲ್ಲಿನ, ಸಕ್ಕರೆ ಕಾಯಿಲೆಯ ಶಿಬಿರ ಮಾಡುತ್ತೇವೆ. ಅದೇ ಶಿಬಿರದಲ್ಲಿ ಇನ್ನೊಂದು ಮೇಜು ಹಾಕಿ. ಮನಸ್ಸಿನ ಮೇಜು. ಕನ್ನಡ, ತುಳು ಬಲ್ಲ ಒಬ್ಬ ಆಪ್ತಸಲಹೆಗಾರರು ಅಲ್ಲಿ ಕೂರಲಿ. ಸ್ವಲ್ಪ ಮರೆ ಇರಲಿ, ಮೇಲೆ ದೊಡ್ಡ ಫಲಕ ಬೇಡ. ಅರಸಿನ ಕುಂಕುಮದ ದಿನ ಮಹಿಳಾ ವಿಭಾಗದವರು ಹತ್ತು ನಿಮಿಷ ಈ ವಿಷಯ ಮಾತಾಡಲಿ. ಸಂಘದ ದಿನದರ್ಶಿಕೆಯಲ್ಲಿ 14416 ಅಚ್ಚಾಗಲಿ. ಭಯದಿಂದ ಹೊರಬಂದವರು ಮನಸ್ಸಿದ್ದರೆ ವೇದಿಕೆಯಲ್ಲಿ ತಮ್ಮ ಅನುಭವ ಹೇಳಲಿ. ಒಬ್ಬರು ಹೇಳಿದರೆ ಸಭೆಯಲ್ಲಿ ಕೂತ ಇನ್ನೊಬ್ಬರ ಗಂಟಲು ಸಡಿಲವಾಗುತ್ತದೆ.

ಮತ್ತು ನಾವೆಲ್ಲರೂ, ದಿನವೂ ಈ ಗಾಡಿಗಳಲ್ಲಿ ಓಡಾಡುವವರು. ನಮ್ಮಿಂದ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಮೂರು ಕೆಲಸ ಸಾಕು. ನಗದಿರುವುದು. ಕೇಳಿದ್ದನ್ನು ಊರಿಗೆ ಹಂಚದಿರುವುದು. ಕರೆದರೆ ಒಂದು ಸ್ಟೇಷನ್ ದೂರ ಜೊತೆಗೆ ಹೋಗುವುದು.

ಅಕ್ಕ ಈಗ ಕೆಲಸಕ್ಕೆ ಲೋಕಲ್‌ನಲ್ಲೇ ಹೋಗುತ್ತಾರೆ. ಭಯ ಪೂರ್ತಿ ಹೋಗಿದೆಯೇ ಎಂದು ಮೊನ್ನೆ ಕೇಳಿದೆ. "ಇಲ್ಲ. ತೀರಾ ಕಿಕ್ಕಿರಿದು ಬಂದರೆ ಒಂದನ್ನು ಬಿಡುತ್ತೇನೆ. ಮುಂದಿನದು ಹತ್ತುತ್ತೇನೆ. ಮೊದಲಿನ ಹಾಗೆ ಮನೆಗೆ ತಿರುಗಿ ಹೋಗುವುದಿಲ್ಲ" ಎಂದರು. ಟಿಫಿನ್ ಚೀಲ ಅವರ ಹೆಗಲಿನಲ್ಲಿತ್ತು. ಬೆರಳುಗಳು ಖಾಲಿ ಇದ್ದವು.

ಓದುಗ ಬಂಧುಗಳೇ, ನಾಳೆ ಬೆಳಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ಪಕ್ಕಕ್ಕೆ ನೋಡಿ. ಯಾರಾದರೂ ಗಾಡಿ ಬಿಡುತ್ತಿದ್ದರೆ, ಆಗುವುದಾದರೆ ನೀವೂ ಒಂದು ಗಾಡಿ ಬಿಡಿ. ಏನೂ ಕೇಳದೆ ಪಕ್ಕದಲ್ಲಿ ನಿಲ್ಲಿ. ಮುಂದಿನ ಗಾಡಿ ಬರುತ್ತದೆ.